ಕಟಾವು ಮುಗಿದಿದೆ

ಅವನನ್ನು ಬೇರಣ್ಣ ಎಂದು ಮೊದಲು ಕರೆದವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಯಾರೇ ಆಗಲಿ, ಕಣ್ಣಿದ್ದವರೇ ಕರೆದಿದ್ದಾರೆ. ಯಾವ ಹೊಲಕ್ಕೆ ಕಾಲಿಟ್ಟರೂ ಮೊದಲು ಒಂದು ಗಿಡ ಕಿತ್ತು, ಮಣ್ಣು ಕೊಡವಿ, ಬೇರನ್ನು ಮೂಗಿನ ಹತ್ತಿರ ಹಿಡಿದು ನೋಡದೆ ಅವನು ಬಾಯಿ ಬಿಚ್ಚುತ್ತಿರಲಿಲ್ಲ. "ಬೇರಣ್ಣ ಬಂದ, ಒಂದು ಗಿಡದ ಆಸೆ ಬಿಡಿ" ಎಂದು ಹೊಲದವರು ನಗುತ್ತಿದ್ದರು. ಕೃಷಿ ಕಚೇರಿಯಲ್ಲಿ ಅವನು ಕ್ಷೇತ್ರ ಸಹಾಯಕ. ಮೂವತ್ತೊಂದು ವರ್ಷ ಅದೇ ಹುದ್ದೆ, ಅದೇ ವಲಯ, ಸ್ಕೂಟರು ಮಾತ್ರ ಮೂರನೆಯದು. ಅವನ ಹತ್ತಿರ ಕೆಲಸ ಕಲಿತವರು ಅವನಿಗಿಂತ ಮೇಲಿನ ಕುರ್ಚಿಯಲ್ಲಿ ಹೋಗಿ ಕೂತರು. ಅವನು ಅವರಿಗೂ ಎದ್ದು ನಿಂತು "ಸಾರ್" ಅಂದ, ಮತ್ತೆ ಸ್ಕೂಟರು ಹತ್ತಿದ. ಪಾಪ, ಅವನಿಗೆ ಆಸೆಯೇ ಇಲ್ಲ ಎಂದು ಜನ ಹೊಗಳುತ್ತಿದ್ದರು. ಹೊಗಳುವಂಥದ್ದೇನೂ ಅದರಲ್ಲಿರಲಿಲ್ಲ. ಮೇಲಿನವರ ಮೇಜಿನ ಮುಂದೆ ನಿಲ್ಲಬೇಕೆಂದರೆ ಅವನಿಗೆ ಮೊದಲಿನಿಂದಲೂ ಹೆದರಿಕೆ, ಅಷ್ಟೆ.

ಹೊಲದಲ್ಲಿ ಮಾತ್ರ ಅವನು ಬೇರೆಯೇ ಮನುಷ್ಯ. ಅಲ್ಲಿ ದನಿ ಏರುತ್ತಿತ್ತು, ಬೈಗುಳವೂ ಬರುತ್ತಿತ್ತು. ಅವನ ವಲಯದವರು ಹೆಚ್ಚಾಗಿ ಬೆಳೆಯುವುದು ಎಲೆಕೋಸು. ಮಾರಿ ಉಳಿದ ಕೋಸನ್ನು ಹೊಲದಲ್ಲೇ ಬಿಟ್ಟರೆ ಹುಳು ಅದರಲ್ಲಿ ಸಂಸಾರ ಹೂಡುತ್ತದೆ. ಮುಂದಿನ ಸಸಿ ನೆಟ್ಟ ದಿನವೇ ಆ ಸಂಸಾರ ಊಟಕ್ಕೆ ಏಳುತ್ತದೆ. ಹಾಗಾಗಿ ಒಂದು ವಾರದೊಳಗೆ ಉಳಿದದ್ದನ್ನೆಲ್ಲ ಕೊಚ್ಚಿ, ಉತ್ತು, ಮಣ್ಣಿಗೆ ಸೇರಿಸಬೇಕು. ಇದೊಂದೇ ಪಾಠವನ್ನು ಅವನು ಮೂವತ್ತೊಂದು ವರ್ಷ ಹೇಳಿದ. ಮೊದಲ ಹತ್ತು ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಕೇಳಿದರು, ಕೇಳಿದವರ ಹೊಲ ನೋಡಿ ಉಳಿದವರೂ ಕೇಳಿದರು. ಹುಳುವಿನ ಕಾಟ ಕಡಿಮೆಯಾಯಿತು, ಔಷಧಿಯ ಖರ್ಚು ಅರ್ಧಕ್ಕೆ ಇಳಿಯಿತು. ಬೇರಣ್ಣ ಏನಾದರೂ ಹೇಳಿದರೆ ಹೊಲದವರು ಯಾಕೆ ಎಂದು ಕೇಳುವುದನ್ನೇ ಬಿಟ್ಟುಬಿಟ್ಟರು. ಅವನ ಆಸ್ತಿ ಎಂದರೆ ಅದೊಂದೇ.

ಆ ಹೊಲದವರಲ್ಲಿ ಅವನ ಅಕ್ಕ, ಭಾವನೂ ಸೇರಿದ್ದರು. ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಬೇಗ ತೀರಿಹೋದದ್ದರಿಂದ ಅವನ ತಲೆ ಬಾಚಿದ್ದು, ಬೆನ್ನಿಗೆ ಬಾರಿಸಿದ್ದು, ಡಿಪ್ಲೊಮಾ ಅರ್ಜಿಗೆ ಸಾಲಿನಲ್ಲಿ ನಿಂತದ್ದು ಎಲ್ಲ ಅವಳೇ. ಕಾಲುವೆಯ ಪಕ್ಕ ಎರಡು ಎಕರೆ ಹೊಲವನ್ನು ಗಂಡಹೆಂಡತಿ ಗುತ್ತಿಗೆಗೆ ಮಾಡುತ್ತಿದ್ದರು. ಹೊಲದ ಒಡತಿ ನಿವೃತ್ತಳಾದ ಶಾಲಾ ಟೀಚರು. ವರ್ಷಕ್ಕೊಮ್ಮೆ ಮುಂಗಡ ಕೊಡಬೇಕು, ಕೊಟ್ಟ ಮೇಲೆ ಟೀಚರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಹದಿನಾರು ವರ್ಷ ಹಾಗೆಯೇ ನಡೆದಿತ್ತು. ಆ ಮಣ್ಣಿನ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಮೂಲೆಯಲ್ಲಿ ಕೋಸು ಬೇಗ ಗಟ್ಟಿಯಾಗುತ್ತದೆ ಎನ್ನುವುದು ಭಾವನಿಗೆ ತನ್ನ ಅಂಗೈಯಷ್ಟೇ ಗೊತ್ತಿತ್ತು. ಮಾತು ಕಡಿಮೆಯ ಮನುಷ್ಯ. ಹೆಂಡತಿ ಎರಡು ಜನರ ಮಾತನ್ನೂ ಆಡುತ್ತಾಳಲ್ಲ, ತಾನೇಕೆ ಸುಮ್ಮನೆ ದಣಿಯಲಿ ಎನ್ನುವ ಜಾತಿ.

ಜನರಿಂದ ಜನರಿಗೆ ಅಂಟುವ ರೋಗದ ಸುದ್ದಿ ಬಂದ ವಸಂತದಲ್ಲಿ ಕೋಸು ಹಿಂದೆಂದೂ ಬಾರದಷ್ಟು ಚೆನ್ನಾಗಿ ಬಂದಿತ್ತು. ಹೊಟ್ಟೆ ಉರಿಯುವುದು ಇಂಥದ್ದಕ್ಕೇ. ಒಂದು ಸೋಮವಾರ ಲಾರಿಗಳು ನಿಂತವು. ಹೋಟೆಲುಗಳು, ಹಾಸ್ಟೆಲುಗಳು, ಕಾರ್ಖಾನೆಯ ಕ್ಯಾಂಟೀನುಗಳು ಬಾಗಿಲು ಹಾಕಿದವು. ದೊಡ್ಡ ಮಾರುಕಟ್ಟೆಯ ಗೇಟಿಗೆ ಸರಪಳಿ ಬಿತ್ತು. ಇಂದು ನಾಳೆ ತೆಗೆಯುತ್ತಾರೆ ಎಂದು ಎರಡು ವಾರ ಕಾದರು. ಕೋಸು ಕಾಯುವುದಿಲ್ಲ. ಮೂರನೆಯ ವಾರಕ್ಕೆ ಅವು ಹೊಲದಲ್ಲೇ ಬಿರಿಯತೊಡಗಿದವು, ಬಿರುಕಿನಲ್ಲಿ ನೀರು ಇಳಿದು ಕೊಳೆತವು. ನಾಲ್ಕನೆಯ ವಾರ ಆ ನಾತ ರಸ್ತೆಗೆ ಬಂತು.

ಬೇರಣ್ಣ ಮೂಗಿಗೆ ಮಾಸ್ಕು ಕಟ್ಟಿಕೊಂಡು, ಜೇಬಿನಲ್ಲಿ ಓಡಾಟದ ಪಾಸು ಇಟ್ಟುಕೊಂಡು ಸ್ಕೂಟರು ಹತ್ತಿದ. ಪ್ರತಿ ಗೇಟಿನ ಹೊರಗೆ ನಿಂತು ಕೂಗಿದ. "ಹೋದದ್ದು ಹೋಯ್ತು, ಮುಂದಿನ ಬೆಳೆನಾದ್ರೂ ಉಳಿಸ್ಕೊಳ್ಳಿ. ಈ ವಾರದೊಳಗೆ ಉತ್ತುಬಿಡಿ."

ಭಾವ ಹೊಲದಂಚಿನಲ್ಲಿ ಕೂತಿದ್ದ. ಅಪರೂಪಕ್ಕೆ ಅವನೇ ಮಾತೆತ್ತಿದ. "ಇನ್ನೊಂದು ವಾರ ನೋಡೋಣ ಅಂತ."

"ನೋಡಿ ಏನ್ ಮಾಡ್ತೀರಿ ಭಾವ? ಹುಳುನ ಸಾಕ್ತೀರಾ?"

"ಇಷ್ಟು ಚೆನ್ನಾಗಿ ಬಂದಿದೆ. ಕೈಯಾರೆ ಹೆಂಗೆ ಕೊಚ್ಚೋದು?"

"ತಮ್ಮ ಹೇಳ್ದ ಮೇಲೆ ಮುಗೀತು, ಏಳಿ" ಎಂದಳು ಅಕ್ಕ. ಭಾವ ಎದ್ದ. ಟ್ರ್ಯಾಕ್ಟರಿನವನು ಬಂದ. ಎರಡು ಎಕರೆ ಕೋಸು ಮಧ್ಯಾಹ್ನದೊಳಗೆ ಮಣ್ಣಾಯಿತು. ಟ್ರ್ಯಾಕ್ಟರು ತಿರುಗುವಾಗ ಚಕ್ರದಡಿಗೆ ಸಿಕ್ಕ ಕೋಸು ಪಟ್ ಪಟ್ ಎಂದು ಒಡೆಯುತ್ತಿತ್ತು. ಭಾವ ಕಾಲುವೆಯ ಕಡೆಗೆ ಮುಖ ಮಾಡಿ ಕೂತುಬಿಟ್ಟ. ಆ ತಿಂಗಳು ಬೇರಣ್ಣನ ಮಾತು ಕೇಳಿ ಹೊಲ ಉತ್ತವರು ನಲವತ್ಮೂರು ಮನೆಯವರು.

ಕೇಳದವನು ಒಬ್ಬನಿದ್ದ. ಅಕ್ಕನ ಹೊಲಕ್ಕೆ ಅಂಟಿದ ಹೊಲದವನು, ಎಲ್ಲರೂ ಅವನನ್ನು ನಿದ್ದೆಗಣ್ಣ ಎನ್ನುತ್ತಿದ್ದರು. ಕೆಟ್ಟವನಲ್ಲ. ಬೆಳಗ್ಗೆ ಹತ್ತರ ಒಳಗೆ ಅವನ ಎರಡೂ ಕಣ್ಣು ಒಟ್ಟಿಗೆ ತೆರೆದದ್ದನ್ನು ಯಾರೂ ಕಂಡಿರಲಿಲ್ಲ, ಅಷ್ಟೇ ಅವನ ದೋಷ. "ಉಳ್ತೀನಿ ಸಾರ್, ನಾಳೆ" ಎಂದ. ಆ ನಾಳೆ ಆ ವರ್ಷ ಬರಲಿಲ್ಲ.

ಈಗ ಒಂದು ಕಾಗದದ ವಿಷಯ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ. ಪ್ರತಿ ಶನಿವಾರ ಬೇರಣ್ಣ ವಾರದ ವರದಿ ಕಳಿಸಬೇಕಿತ್ತು. ಯಾರ ಹೊಲ, ಎಷ್ಟು ಎಕರೆ, ಬೆಳೆ ನಿಂತಿದೆಯೇ, ತೆರವಾಗಿದೆಯೇ. ತೆರವಾಗಿದ್ದರೆ ಕಾರಣ. ಆ ಕಾರಣದ ಅಂಕಣದಲ್ಲಿ ಬರೆಯಲು ಇಲಾಖೆ ಎರಡೇ ಮಾತು ಕೊಟ್ಟಿತ್ತು. ಒಂದು, ಕಟಾವು ಮುಗಿದಿದೆ. ಇನ್ನೊಂದು, ರೋಗಬಾಧೆ, ಎಂದರೆ ಬೆಳೆಗೆ ಬಂದ ರೋಗ. ಕೊಳ್ಳುವವರಿಲ್ಲದೆ ಬೆಳೆದವನೇ ಬೆಳೆ ಕೊಚ್ಚಿದ ಎನ್ನುವುದಕ್ಕೆ ಅಲ್ಲಿ ಜಾಗವಿರಲಿಲ್ಲ. ಆ ನಮೂನೆ ಅಚ್ಚು ಹಾಕಿಸಿದವರಿಗೆ ಅಂಥದ್ದೊಂದು ಕಾಲ ಬರಬಹುದು ಎಂದು ಹೊಳೆದೇ ಇರಲಿಲ್ಲ. ರೋಗಬಾಧೆ ಎಂದು ಬರೆದರೆ ಕಥೆ ಮುಗಿಯಿತು. ಆ ವಲಯದಿಂದ ಎರಡು ವರ್ಷ ಒಂದು ಸಸಿ ಹೊರಗೆ ಹೋಗುವ ಹಾಗಿಲ್ಲ, ಒಂದು ಮೂಟೆ ಮಣ್ಣು ಒಳಗೆ ಬರುವ ಹಾಗಿಲ್ಲ. ಬೇರಣ್ಣ ಹೆಚ್ಚು ಯೋಚಿಸಲಿಲ್ಲ. ತನ್ನವರಿಗೆ ತೊಂದರೆಯಾಗಬಾರದೆಂದು ನಲವತ್ಮೂರು ಸಾಲಿನಲ್ಲೂ ತನ್ನ ದುಂಡು ಅಕ್ಷರದಲ್ಲಿ ಕಟಾವು ಮುಗಿದಿದೆ ಎಂದು ಬರೆದ. ಬೇರೆ ವಲಯದ ಸಹಾಯಕರೂ ಹಾಗೇ ಬರೆಯುತ್ತಿದ್ದರು. ಆದರೆ ಅವರ ಹೊಲಗಳು ತೆರವಾಗಿದ್ದೇ ಕಡಿಮೆ, ಅವರ ಮಾತನ್ನು ಯಾರಾದರೂ ಕೇಳಬೇಕಲ್ಲ. ಬೇರಣ್ಣನ ವಲಯದ ಹೊಲಗಳು ಜಿಲ್ಲೆಯಲ್ಲೇ ಎಲ್ಲಕ್ಕಿಂತ ಚೊಕ್ಕಟ ಎಂದು ಮೇಲಿನಿಂದ ಮೆಚ್ಚುಗೆಯ ಪತ್ರ ಬಂತು. ಅವನ ಹೆಂಡತಿ ಅದನ್ನು ಮಡಿಸಿ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಳು.

ಎರಡು ತಿಂಗಳ ನಂತರ ಪರಿಹಾರದ ಘೋಷಣೆ ಬಂತು. ಮಾರುಕಟ್ಟೆ ಮುಚ್ಚಿದ್ದರಿಂದ ಬೆಳೆ ಮಾರಲಾಗದೆ ನಷ್ಟವಾದವರಿಗೆ ಎಕರೆಗೆ ಇಷ್ಟು ಎಂದು ಸರ್ಕಾರ ಕೊಡುತ್ತದೆ. ನಷ್ಟಕ್ಕೆ ಸಾಕ್ಷಿಯಾಗಿ ಹೊಲದಲ್ಲಿ ಬೆಳೆ ನಿಂತಿರುವ ಅಥವಾ ಕೊಳೆತಿರುವ ಚಿತ್ರ ಬೇಕು. ನಿದ್ದೆಗಣ್ಣನ ಹೊಲದಲ್ಲಿ ಎರಡು ತಿಂಗಳ ಕಪ್ಪು ಬೊಡ್ಡೆಗಳು ಇನ್ನೂ ಸಾಲಾಗಿ ನಿಂತು ನಾರುತ್ತಿದ್ದವು. ಬೇರಣ್ಣನೇ ಹೋಗಿ ಫೋಟೊ ತೆಗೆದ. ಮೊದಲ ಕಂತಿನಲ್ಲೇ ನಿದ್ದೆಗಣ್ಣನ ಖಾತೆಗೆ ಹಣ ಬಿತ್ತು. ಬೇಲಿಯ ಈಚೆ ಅಕ್ಕನ ಎರಡು ಎಕರೆ ಕಸವಿಲ್ಲದೆ, ಹುಳುವಿಲ್ಲದೆ, ಬಾಚಿದ ತಲೆಯ ಹಾಗೆ ಇತ್ತು. ಅದರ ಫೋಟೊ ತೆಗೆದು ಯಾರಿಗೆ ತೋರಿಸುವುದು?

ನಲವತ್ಮೂರು ಮನೆಯವರು ಕಚೇರಿಯ ಗೇಟಿಗೆ ಬಂದರು. ಗಲಾಟೆ ಮಾಡಲಿಲ್ಲ. ಒಬ್ಬರಿಂದ ಒಬ್ಬರು ಮಾರು ದೂರ ನಿಂತು, ಮಾಸ್ಕಿನೊಳಗಿಂದ, ನಾವು ಮಾರಿಲ್ಲ ಎಂದರು. ಮಾರಿಲ್ಲ ಎನ್ನುವುದಕ್ಕೆ ರಸೀದಿ ಇದೆಯೇ ಎಂದು ಒಳಗಿನಿಂದ ಗುಮಾಸ್ತ ಕೇಳಿದ. ಮಾರಿದ್ದಕ್ಕಲ್ಲವೇ ರಸೀದಿ ಕೊಡುವುದು, ಮಾರದೇ ಇದ್ದುದಕ್ಕೆ ಯಾರು ಕೊಡುತ್ತಾರೆ ಎಂದು ಕೇಳುವಷ್ಟು ಜಗಳಗಂಟಿ ಅವರಲ್ಲಿ ಅಕ್ಕ ಒಬ್ಬಳೇ, ಅವಳೂ ಅಂದು ತಮ್ಮನ ಕಚೇರಿ ಎಂದು ಸುಮ್ಮನಿದ್ದಳು.

ಅದರ ಮುಂದಿನ ತಿಂಗಳ ಹನ್ನೊಂದನೇ ತಾರೀಕು ಕಚೇರಿಯ ಮುಖ್ಯ ಅಧಿಕಾರಿ ಮೇಡಂ ಬೇರಣ್ಣನಿಗೆ ಹೇಳಿಕಳಿಸಿದರು. ಅವರು ಹೊಸಬರು, ವಯಸ್ಸಿನಲ್ಲಿ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆಯ ಪರದೆ ಕಟ್ಟಿತ್ತು. ಅದರ ಆಚೆ ಅವರ ಮುಖ ಸ್ವಲ್ಪ ಅಲುಗಿದಂತೆ ಕಾಣುತ್ತಿತ್ತು.

"ಒಳ್ಳೆ ಸುದ್ದಿ ಇದೆ ಅಂದ್ಕೊಂಡಿದ್ದೆ" ಎಂದರು ಮೇಡಂ. "ಹೊಲ ಖಾಲಿ ಇದ್ರೂ ಪರವಾಗಿಲ್ಲ, ಮಾರೋಕಾಗದೆ ಉತ್ತಿದಾರೆ ಅಂತ ಕ್ಷೇತ್ರ ಸಹಾಯಕರು ದೃಢೀಕರಿಸಿದ್ರೆ ಸಾಕು ಅಂತ ಆದೇಶ ಬಂದಿದೆ. ಆದ್ರೆ ಅದು ವಾರದ ವರದಿಗೆ ಹೊಂದಬೇಕು." ಅವರು ಒಂದು ಕಟ್ಟು ಕಾಗದವನ್ನು ಪರದೆಯ ಕೆಳಗಿಂದ ತಳ್ಳಿದರು. "ಇದು ನಿಮ್ಮ ಕೈಬರಹನೇ ಅಲ್ವಾ?"

ಬೇರಣ್ಣ ಬಗ್ಗಿ ನೋಡಿದ. ನಲವತ್ಮೂರು ಸಲ, ಒಂದರ ಕೆಳಗೆ ಒಂದು, ಕಟಾವು ಮುಗಿದಿದೆ.

"ಕಟಾವು ಮುಗಿದಿದ್ರೆ ಮಾರಿದಾರೆ ಅಂತ ಅರ್ಥ. ಮಾರಿದ್ರೆ ಪರಿಹಾರ ಇಲ್ಲ" ಎಂದರು ಮೇಡಂ.

"ಮಾರಿಲ್ಲ ಮೇಡಂ. ನಾನೇ ಉತ್ತುಬಿಡಿ ಅಂದಿದ್ದು. ಆ ಅಂಕಣದಲ್ಲಿ ಬೇರೆ ಏನೂ ಬರೆಯೋ ಹಾಗಿರಲಿಲ್ಲ..."

"ನನಗೆ ಗೊತ್ತಾಗುತ್ತೆ. ಮೇಲಿನವರಿಗೆ ನೀವು ಬರೆದುಕೊಡಬೇಕು. ನಾನು ಕೊಟ್ಟ ವರದಿ ಸುಳ್ಳು, ಇವರ್ಯಾರೂ ಮಾರಿಲ್ಲ ಅಂತ." ಮೇಡಂ ದನಿ ತಗ್ಗಿಸಿದರು. "ಬರೆದ್ರೆ ವಿಚಾರಣೆ ಆಗೇ ಆಗುತ್ತೆ. ಸರ್ಕಾರಿ ದಾಖಲೆ. ಏನ್ ಮಾಡ್ತಾರೋ ನಾನು ಹೇಳೋಕಾಗಲ್ಲ. ನಿಮಗೆ ಇನ್ನು ಹತ್ತು ತಿಂಗಳಲ್ವಾ ನಿವೃತ್ತಿಗೆ? ಯೋಚನೆ ಮಾಡಿ. ಪಟ್ಟಿ ಇಪ್ಪತ್ತನೇ ತಾರೀಕು ಸಂಜೆ ಮುಚ್ಚುತ್ತೆ."

ಮೇಡಂ ಮೋಸಗಾರ್ತಿಯಲ್ಲ, ಹೆದರಿಸಲೂ ಇಲ್ಲ. ತಿಳಿಯದ್ದನ್ನು ತಿಳಿಯದು ಎಂದರು, ಅಷ್ಟೆ. ಉಳಿದದ್ದನ್ನೆಲ್ಲ ಬೇರಣ್ಣ ತಾನೇ ಕಟ್ಟಿಕೊಂಡ. ವರ್ಷಗಳ ಹಿಂದೆ ಉಗ್ರಾಣದ ಲೆಕ್ಕ ತಪ್ಪು ಬರೆದ ಒಬ್ಬನನ್ನು ಪಿಂಚಣಿ ಇಲ್ಲದೆ ಮನೆಗೆ ಕಳಿಸಿದ್ದರು. ಆ ಮನುಷ್ಯ ಆಮೇಲೆ ಬಸ್ ನಿಲ್ದಾಣದಲ್ಲಿ ಬಾಚಣಿಗೆ ಮಾರುತ್ತಿದ್ದ. ಬೇರಣ್ಣ ಅವನಿಂದ ಬೇಡದ ಬಾಚಣಿಗೆಗಳನ್ನು ಕೊಂಡಿದ್ದ.

ಮನೆ ಎಂದರೆ ಇಲಾಖೆಯ ವಸತಿಯ ಎರಡು ಕೋಣೆ. ನಿವೃತ್ತಿಯ ದಿನ ಬೀಗದ ಕೈ ಒಪ್ಪಿಸಬೇಕು. ಮಕ್ಕಳಿಲ್ಲ. ಪಿಂಚಣಿಯಲ್ಲಿ ಬಾಡಿಗೆ ಕೊಟ್ಟುಕೊಂಡು ಎಲ್ಲಾದರೂ ಒಂದು ಕೋಣೆಯಲ್ಲಿರುವುದು ಎಂದು ಗಂಡಹೆಂಡತಿ ಮಾತಾಡಿಕೊಂಡಿದ್ದರು. ಅವನು ಹೇಳಿದ್ದನ್ನೆಲ್ಲ ಹೆಂಡತಿ ಬಿಸಿನೀರಿನಲ್ಲಿ ಮಾಸ್ಕುಗಳನ್ನು ತೊಳೆಯುತ್ತಾ ಕೇಳಿದಳು.

"ಬರೀಬೇಡಿ ಅಂತ ನಾನು ಹೇಳಲ್ಲ. ನಿಮ್ಮಕ್ಕ ನನಗೂ ಅಕ್ಕನೇ" ಎಂದಳು. "ಆದ್ರೆ ಪಿಂಚಣಿ ಹೋದ್ರೆ ನಾವಿಬ್ರೂ ಎಲ್ಲಿ ಮಲಗೋದು ಅಂತ ಮಾತ್ರ ಹೇಳಿ."

ಆದರೂ ಅವನು ಅಂದೇ ಸಂಜೆ ಕಾಗದ ಬರೆದ. ಅಷ್ಟರ ಮಟ್ಟಿಗೆ ಮರ್ಯಾದಸ್ಥ. ಒಂದೇ ಪುಟ, ನೇರ ಮಾತು, ಕೆಳಗೆ ಸಹಿ, ಹನ್ನೊಂದನೇ ತಾರೀಕು. ಮಡಿಸಿ ಸ್ಕೂಟರಿನ ಚೀಲದಲ್ಲಿ ಮಣ್ಣಿನ ಮಾದರಿಯ ಪೊಟ್ಟಣಗಳ ನಡುವೆ ಇಟ್ಟ. ನಾಳೆ ಕೊಡುತ್ತೇನೆ ಎಂದುಕೊಂಡ.

ನಿದ್ದೆಗಣ್ಣನ ನಾಳೆಗೆ ನಕ್ಕವನು ಬೇರಣ್ಣ. ಈಗ ಅವನದೇ ನಾಳೆಗಳು ಶುರುವಾದವು. ಹನ್ನೆರಡಕ್ಕೆ ಮೇಡಂ ಸಭೆಯಲ್ಲಿದ್ದರು. ಹದಿಮೂರಕ್ಕೆ ಅವರಿದ್ದರು, ಇವನಿಗೆ ದೂರದ ಹೊಲವೊಂದರ ನೆನಪಾಯಿತು. ಹದಿನಾಲ್ಕಕ್ಕೆ ಕಚೇರಿಯ ಬಾಗಿಲಲ್ಲಿ ಹಣೆಗೆ ಜ್ವರ ಅಳೆಯುವ ಪಿಸ್ತೂಲು ಹಿಡಿಯುವವನು "ಸ್ವಲ್ಪ ಜಾಸ್ತಿ ತೋರಿಸ್ತಿದೆ, ನೆರಳಲ್ಲಿ ನಿಂತು ಬನ್ನಿ" ಎಂದದ್ದೇ ನೆಪವಾಗಿ, ನೆರಳಿನಿಂದ ನೇರ ಮನೆಗೆ ಹೋದ. ಅಂಜುಬುರುಕನಿಗೆ ಇಡೀ ಜಗತ್ತು ಸಹಾಯ ಮಾಡುತ್ತದೆ.

ಹದಿನೈದಕ್ಕೆ ಅಕ್ಕನ ಮನೆಗೆ ಹೋದ. ಒಳಗೆ ಹೋಗಲಿಲ್ಲ, ಹೊರಗಿನ ಕಟ್ಟೆಯ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಅವಳು.

"ಟೀಚರಮ್ಮ ಬಂದಿದ್ರು" ಎಂದಳು ಅಕ್ಕ. "ಮುಂಗಡ ಈಗ್ಲೇ ಬೇಡ, ಪರಿಹಾರದ ಪಟ್ಟೀಲಿ ನಿಮ್ಮ ಹೆಸರಿರೋ ಕಾಗದ ತೋರ್ಸಿ ಸಾಕು, ಇಪ್ಪತ್ತೊಂದರ ತನಕ ಕಾಯ್ತೀನಿ ಅಂದ್ರು. ಒಳ್ಳೆಯವ್ರು. ಆ ನಿದ್ದೆಗಣ್ಣ ಕೈಯಲ್ಲಿ ದುಡ್ಡು ಹಿಡ್ಕೊಂಡು ನಮ್ಮ ಹೊಲ ಕೇಳ್ತಿದಾನಂತೆ, ಆದ್ರೂ ಕಾಯ್ತಾರಂತೆ. ಪಟ್ಟೀಲಿ ನಮ್ಮ ಹೆಸರು ಬರುತ್ತಲ್ವಾ?"

"ನೋಡ್ತಿದಾರೆ ಅಕ್ಕ."

"ನೀನು ಅಲ್ಲೇ ಇದೀಯಲ್ಲ, ಸ್ವಲ್ಪ ಹೇಳು."

"ಹೇಳ್ತೀನಿ."

ಅವನ ಸ್ಕೂಟರು ಅವಳ ಕಣ್ಣೆದುರಿಗೇ ನಿಂತಿತ್ತು. ಚೀಲ ಅದರಲ್ಲೇ ನೇತಾಡುತ್ತಿತ್ತು. ಭಾವ ಬಾಗಿಲಿಗೆ ಬಂದು, ಏನಾದರೂ ಕುಡಿಯುತ್ತೀಯಾ ಎಂದು ಸನ್ನೆಯಲ್ಲಿ ಕೇಳಿದ. ಬೇರಣ್ಣ ಬೇಡವೆಂದು ತಲೆಯಾಡಿಸಿದ. ಅದೇ ಕೊನೆ, ಭಾವನನ್ನು ಅವನು ಗಾಜಿನ ಅಡ್ಡವಿಲ್ಲದೆ ನೋಡಿದ್ದು.

ಇಪ್ಪತ್ತರ ಸಂಜೆ ಕಚೇರಿಯ ಎದುರಿನ ಮರದ ಕೆಳಗೆ ಸ್ಕೂಟರಿನ ಮೇಲೆ ಕೂತಿದ್ದ. ನಾಲ್ಕು ಗಂಟೆಗೆ ಬಂದವನು ಐದೂವರೆಯವರೆಗೂ ಇಳಿಯಲಿಲ್ಲ. ಮೇಡಂ ಕೋಣೆಯ ಕಿಟಕಿ ಕಾಣುತ್ತಿತ್ತು. ಆ ಕಿಟಕಿಗೂ ಅವನಿಗೂ ಮಧ್ಯೆ ಅರವತ್ತು ಹೆಜ್ಜೆ. ಮೂವತ್ತೊಂದು ವರ್ಷ ಹೊಲ ಅಳೆದವನಿಗೆ ಕಣ್ಣಳತೆ ತಪ್ಪುವುದಿಲ್ಲ. ಐದೂವರೆಗೆ ದೀಪ ಆರಿತು. ಅದರ ಜೊತೆಗೇ, ಹೇಳಲು ನಾಚಿಕೆಯಾಗುತ್ತದೆ, ಮನಸ್ಸಿಗೆ ಒಂದು ಹಗುರ ಬಂತು. ಇನ್ನು ಕೊಟ್ಟರೂ ಪ್ರಯೋಜನವಿಲ್ಲ, ಇನ್ನು ಯಾರೂ ಕೇಳುವುದಿಲ್ಲ ಎನ್ನುವ ಹಗುರ. ಅದನ್ನು ಅವನು ಆಮೇಲೆ ಮರೆಯಲಿಲ್ಲ.

ಇಪ್ಪತ್ತೆರಡರ ಬೆಳಗ್ಗೆ ಅಕ್ಕನ ಫೋನು ಬಂತು. ಅವಳ ದನಿ ಎಂದಿನ ಹಾಗೆಯೇ ಇತ್ತು. "ಹೊಲ ಹೋಯ್ತು ಕಣೋ. ನಿದ್ದೆಗಣ್ಣನಿಗೆ ಕೊಟ್ರು. ಪಾಪ, ಅವನೇ ಬಂದು, ನಾನು ತಗೊಳ್ದಿದ್ರೆ ಬೇರೆ ಯಾರೋ ತಗೊಳ್ತಿದ್ರು ಅಕ್ಕ, ತಪ್ಪು ತಿಳ್ಕೋಬೇಡಿ ಅಂದ. ಏನ್ ತಪ್ಪು ತಿಳ್ಕೊಳ್ಳೋದು." ಆಮೇಲೆ, "ನಿಮ್ಮ ಭಾವ ಎದ್ದು ಅಲ್ಲೇ ಹೋಗಿ ಕೂತಿದಾರೆ. ಇನ್ನು ನಮ್ಮದಲ್ಲ ಬನ್ನಿ ಅಂದ್ರೂ ಬರ್ತಿಲ್ಲ" ಎಂದಳು.

ಆಗ ಬಂತು ನೋಡಿ ಧೈರ್ಯ. ಬೇರಣ್ಣ ಹಲ್ಲುಜ್ಜದೆ ಸ್ಕೂಟರು ಹತ್ತಿ, ಕಚೇರಿಗೆ ಹೋಗಿ, ಯಾರನ್ನೂ ಕೇಳದೆ ಒಳನುಗ್ಗಿ ಕಾಗದವನ್ನು ಪರದೆಯ ಕೆಳಗೆ ತಳ್ಳಿದ. ಮೇಡಂ ಓದಿದರು. ಸಹಿಯ ಪಕ್ಕದ ತಾರೀಕು ನೋಡಿದರು, ಗೋಡೆಯ ಕ್ಯಾಲೆಂಡರು ನೋಡಿದರು.

"ಎರಡು ದಿನ ಮೊದಲು ಕೊಟ್ಟಿದ್ರೆ ಈ ಪಟ್ಟಿಗೇ ಸೇರಿಸ್ತಿದ್ದೆ. ಇನ್ನು ಎರಡನೇ ಪಟ್ಟಿಗೆ" ಎಂದರು. "ಅದು ಯಾವಾಗ ಬರುತ್ತೋ."

ಸುದ್ದಿ ಹಬ್ಬಿತು. ಬೇರಣ್ಣ ತನ್ನ ಕೆಲಸವನ್ನೇ ಪಣಕ್ಕಿಟ್ಟು ನಲವತ್ಮೂರು ಮನೆಯವರಿಗಾಗಿ ಬರೆದುಕೊಟ್ಟನಂತೆ ಎಂದು ಜನ ಮಾತಾಡಿದರು. ಹೊಲಗಳ ಅಂಚಿನಲ್ಲಿ ಅವನನ್ನು ಕಂಡರೆ ಎದ್ದು ನಿಂತರು. ಎಲ್ಲರಿಗಿಂತ ಹೆಚ್ಚು ಹೇಳಿಕೊಂಡು ತಿರುಗಿದವಳು ಅಕ್ಕ. "ನನ್ನ ತಮ್ಮ, ನಾನೇ ಬೆಳೆಸಿದ್ದು" ಎಂದಳು. ಕಾಗದ ತಡವಾದದ್ದು ಕಚೇರಿಯ ತಪ್ಪು ಎಂದೇ ಅವಳು ನಂಬಿದ್ದಳು. ಅವನು ಅಲ್ಲ ಎನ್ನಲಿಲ್ಲ.

ಹೊಲವಿಲ್ಲದ ಭಾವ ಹೆದ್ದಾರಿಯ ಪಕ್ಕದ ಶೀತಲಗೃಹದಲ್ಲಿ ಆಲೂಗಡ್ಡೆ ವಿಂಗಡಿಸುವ ಕೆಲಸಕ್ಕೆ ಸೇರಿದ. ಅರವತ್ತೆಂಟು ವರ್ಷದ ಮನುಷ್ಯನನ್ನು ಬೇರೆ ಯಾರು ತೆಗೆದುಕೊಳ್ಳುತ್ತಾರೆ? ಬಾಗಿಲು ತೆರೆದರೆ ತಂಪು ಹೋಗುತ್ತದೆಂದು ಮುಚ್ಚಿಯೇ ಇರುವ ಕೋಣೆ, ಆಲೂಗಡ್ಡೆ ಹರಿದು ಬರುವ ಬೆಲ್ಟಿನ ಎರಡು ಕಡೆ ಭುಜಕ್ಕೆ ಭುಜ ತಾಗಿಸಿ ನಿಂತ ಮೂವತ್ತು ಜನ. ಮೂರನೆಯ ತಿಂಗಳು ಅಲ್ಲಿ ಹತ್ತೊಂಬತ್ತು ಜನಕ್ಕೆ ಜ್ವರ ಬಂತು. ಹದಿನೆಂಟು ಜನ ಎದ್ದರು. ಭಾವ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಅಕ್ಕನನ್ನೂ ಬೇರಣ್ಣನನ್ನೂ ವಾರ್ಡಿನ ಹೊರಗೆ ಗಾಜಿನ ಆಚೆ ನಿಲ್ಲಿಸಿದ್ದರು. ಮುಖಕ್ಕೆ ನಳಿಕೆ ಇದ್ದದ್ದರಿಂದ ಭಾವನಿಗೆ ಮಾತಾಡಲು ಆಗುತ್ತಿರಲಿಲ್ಲ. "ಇಷ್ಟು ವರ್ಷ ಆಡಲಿಲ್ಲ, ಈಗ ಆಡ್ಬೇಕು ಅನ್ನಿಸ್ತಿದೆಯೋ ಏನೋ" ಎಂದಳು ಅಕ್ಕ. ಹತ್ತನೆಯ ದಿನ ಬೆಳಗ್ಗೆ ಹೋದಾಗ ಆ ಮಂಚದಲ್ಲಿ ಬೇರೆಯವರಿದ್ದರು.

ಎರಡನೆಯ ಪಟ್ಟಿಯ ಹಣ ಅದಾಗಿ ಮೂರು ವಾರಕ್ಕೆ ಬಂತು. ನಲವತ್ಮೂರು ಮನೆಗೂ ಬಂತು, ಅಕ್ಕನ ಖಾತೆಗೂ ಬಂತು. ಅದೇ ವಾರ ಬೇರಣ್ಣನ ವಿಚಾರಣೆಯ ಆದೇಶವೂ ಬಂತು. ಕಂದು ಲಕೋಟೆ. ಕಚೇರಿಯ ಓಣಿಯಲ್ಲಿ, ನೀರಿನ ಡ್ರಮ್ಮಿನ ಪಕ್ಕ ನಿಂತು ಒಡೆದ. ಮೊದಲು ಅಕ್ಷರಗಳು ಕಣ್ಣಿಗೆ ಹಿಡಿಯಲೇ ಇಲ್ಲ. ಮತ್ತೊಮ್ಮೆ ಓದಿದ. ವರದಿಯಲ್ಲಿ ತಪ್ಪು ನಮೂದಿಸಿದ್ದು ಸಾಬೀತಾಗಿದೆ. ಆದರೆ ದುರುದ್ದೇಶ ಕಂಡುಬಂದಿಲ್ಲ. ನೌಕರರಿಗೆ ಎಚ್ಚರಿಕೆ ನೀಡಿ, ಒಂದು ವಾರ್ಷಿಕ ವೇತನ ಬಡ್ತಿಯನ್ನು ತಡೆಹಿಡಿಯಲಾಗಿದೆ. ಅಷ್ಟೆ. ಪಿಂಚಣಿಯ ಮಾತೇ ಇರಲಿಲ್ಲ. ಹಿಂದಿನ ಪುಟ ತಿರುಗಿಸಿ ನೋಡಿದ, ಖಾಲಿ ಇತ್ತು.

ಅದು ಗೆದ್ದ ಕಾಗದ. ಬೇರೆ ಯಾರಾದರೂ ಆಗಿದ್ದರೆ ಸಿಹಿ ಹಂಚುತ್ತಿದ್ದರು. ಗುಮಾಸ್ತ ಬಂದು ಬೆನ್ನು ತಟ್ಟಿ, "ಬಚಾವಾದ್ರಿ ಬೇರಣ್ಣ" ಎಂದ. ಬೇರಣ್ಣ ಕಾಗದವನ್ನು ಮಡಿಸಿ ಮತ್ತೆ ಲಕೋಟೆಗೆ ಹಾಕಿದ. ಕಡು ಶಿಕ್ಷೆಯಾಗಿದ್ದರೆ ಅವನಿಗೆ ಹೇಳಿಕೊಳ್ಳಲು ಏನಾದರೂ ಉಳಿಯುತ್ತಿತ್ತು. ನಾನು ಹೆದರಿದ್ದು ಸುಮ್ಮನೆಯಲ್ಲ ಎನ್ನಬಹುದಿತ್ತು. ಅದನ್ನೂ ಇಲಾಖೆ ಅವನಿಗೆ ಬಿಡಲಿಲ್ಲ.

ಅಂದೇ ಮಧ್ಯಾಹ್ನ ಅಕ್ಕನ ಮನೆಗೆ ಹೋದ. ಹೆಂಡತಿಗೂ ಹೇಳಲಿಲ್ಲ, ಹೇಳಿದ್ದರೆ ಬೇಡವೆನ್ನುತ್ತಿದ್ದಳು. ಅಕ್ಕ ನೆಲದ ಮೇಲೆ ಕೂತು ಭಾವನ ಬಟ್ಟೆಗಳನ್ನು ಎರಡು ಗುಡ್ಡೆ ಮಾಡುತ್ತಿದ್ದಳು, ಯಾರಿಗಾದರೂ ಕೊಡಬಹುದಾದ್ದು, ಒರೆಸಲು ಆಗುವುದು. ಶೀತಲಗೃಹದವರು ಕೊಟ್ಟಿದ್ದ ದಪ್ಪ ಅಂಗಿ ಯಾವ ಗುಡ್ಡೆಗೂ ಸೇರದೆ ಮೊಣಕಾಲಿನ ಮೇಲಿತ್ತು.

"ಬಾ" ಎಂದಳು. "ದುಡ್ಡು ಬಂದಿದೆ ನೋಡಿದ್ಯಾ? ನಿನ್ನಿಂದ ಬಂತು. ಎಲ್ಲರೂ ಅದನ್ನೇ ಹೇಳ್ತಿದಾರೆ."

"ಅಕ್ಕ, ಒಂದು ಮಾತು ಹೇಳ್ಬೇಕು."

"ಹೇಳು."

"ಆ ಕಾಗದ ನಾನು ಇಪ್ಪತ್ತೆರಡಕ್ಕೆ ಬರೆದಿದ್ದಲ್ಲ. ಹನ್ನೊಂದಕ್ಕೇ ಬರೆದಿದ್ದೆ. ಹನ್ನೊಂದು ದಿನ ಸ್ಕೂಟರಲ್ಲೇ ಇತ್ತು."

ಅಕ್ಕ ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ಇಲ್ಲಿಗೆ ಬಂದಾಗಲೂ?"

"ಬಂದಾಗಲೂ."

"ಪಟ್ಟೀಲಿ ಹೆಸರು ಬರುತ್ತಾ ಅಂತ ನಾನು ಕೇಳಿದಾಗ."

"ಹೂಂ. ಪಿಂಚಣಿ ಹೋಗುತ್ತೆ ಅಂತ ಹೆದರಿದ್ದೆ ಅಕ್ಕ. ಮನೆ ಇಲ್ಲ, ಮಠ ಇಲ್ಲ. ಅವಳನ್ನ ಕಟ್ಟಿಕೊಂಡು ಎಲ್ಲಿಗೆ ಹೋಗೋದು ಅಂತ..."

ಅವಳು ಒಂದು ಅಂಗಿಯ ತೋಳುಗಳನ್ನು ಒಳಗೆ ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಹೊರಗೆ ಯಾರೋ ನಲ್ಲಿಗೆ ಬಿಂದಿಗೆ ಇಟ್ಟ ಸದ್ದಾಯಿತು. ಬೇರಣ್ಣ ಅವಳು ಬೈಯಲಿ ಎಂದು ಕಾದ. ಚಿಕ್ಕಂದಿನಲ್ಲಿ ಬಾರಿಸುತ್ತಿದ್ದ ಹಾಗೆ ಎದ್ದು ಬೆನ್ನಿಗೆ ನಾಲ್ಕು ಬಾರಿಸಿದ್ದರೂ ಆಗುತ್ತಿತ್ತು.

"ಆಮೇಲೆ? ಏನ್ ಶಿಕ್ಷೆ ಕೊಟ್ರು?" ಎಂದು ಕೇಳಿದಳು.

"ಇವತ್ತು ಕಾಗದ ಬಂತು. ಒಂದು ಬಡ್ತಿ ತಡೆದಿದಾರೆ."

"ಅಂದ್ರೆ?"

"ಸಂಬಳದಲ್ಲಿ ಸ್ವಲ್ಪ ಕಮ್ಮಿ."

"ಎಷ್ಟು ಕಮ್ಮಿ?"

"ತಿಂಗಳಿಗೆ ಎಂಟುನೂರು ಚಿಲ್ಲರೆ."

"ನಿನಗೆ ಇನ್ನೆಷ್ಟು ತಿಂಗಳಿದೆ?"

"ಐದು."

ಅಕ್ಕ ಅವನ ಮುಖ ನೋಡಿದಳು. ಅಂದು ಅವಳು ಅವನ ಮುಖ ನೋಡಿದ್ದು ಅದೊಂದೇ ಸಲ. ಸಿಟ್ಟಿರಲಿಲ್ಲ, ಕಣ್ಣೀರೂ ಇರಲಿಲ್ಲ. ಅಂಗಡಿಯವನು ಹೇಳಿದ ಬೆಲೆ ಅರ್ಥವಾಗದೆ ಇನ್ನೊಮ್ಮೆ ಕೇಳುವವರ ಹಾಗಿತ್ತು.

"ಅಷ್ಟನ್ನ ನನ್ನ ಕೇಳಿದ್ರೆ ನಾನೇ ಕೊಡ್ತಿದ್ನಲ್ಲೋ" ಎಂದಳು.

ಆಮೇಲೆ ಬಟ್ಟೆಗಳ ಕಡೆಗೆ ತಿರುಗಿದಳು. ಹೋಗು ಎನ್ನಲಿಲ್ಲ, ಕೂತ್ಕೋ ಎಂದೂ ಅನ್ನಲಿಲ್ಲ. ಬೇರಣ್ಣ ಬಾಗಿಲಲ್ಲೇ ನಿಂತಿದ್ದ.